ಗಡಿಗಾಹಿಯ ನಿಲುವಂಗಿ

ಬೆಳಿಗ್ಗೆ ಪೆಟ್ಟಿಗೆ ತೆರೆದರೆ ನಿಲುವಂಗಿಯ ಎದೆಯ ಮೇಲೆ ಜರಿದಾರದಲ್ಲಿ ಕಸೂತಿ ಹಾಕಿದ್ದ ಬಿರುದೇ ಮಾಯವಾಗಿತ್ತು. ಮಧ್ಯಾಹ್ನ ಅದನ್ನು ಹಿರಿಯ ರಾಜಕುಮಾರನಿಗೆ ತೊಡಿಸಿ ‘ಗಡಿಗಾಹಿ’ ಎಂದು ಸಾರಬೇಕಿತ್ತು. ಅನುಮಾನ ಬಿದ್ದದ್ದು ತೀರಿಕೊಂಡ ಕಿರಿಯ ರಾಣಿಯ ಮಗನ ಮೇಲೆ. ಹಿಂದಿನ ಸಂಜೆ ಅವನು ಪೆಟ್ಟಿಗೆಯಿದ್ದ ಕೋಣೆಯಿಂದ ಹೊರಬಂದದ್ದನ್ನು ಕಾವಲಿನವರು ಕಂಡಿದ್ದರು.

“ಅಂಗಿ ನೋಡೋಕೆ ಹೋಗಿದ್ದೆ, ಅಷ್ಟೇ,” ಎಂದ ಅವನು.

“ಸಂಜೆಯೊಳಗೆ ನಿಜ ಹೊರಬರದಿದ್ರೆ ನೀನು ಊರು ಬಿಡಬೇಕು,” ಎಂದು ಅರಸರು ಗುಡುಗಿದರು. ಆ ಗುಡುಗನ್ನು ನಾನು ಚೆನ್ನಾಗಿ ಅನುಕರಿಸಬಲ್ಲೆ. ಕತ್ತಿನ ಮೇಲೆ ತಲೆ ಇರಲಿ ಎಂದು ಸುಮ್ಮನಾದೆ.

ನಿಜ ಹುಡುಕಲು ಆಗಲೇ ಕರೆಸಿದ್ದು ನನ್ನ ಚಿಕ್ಕಮ್ಮನನ್ನು. ಅವಳು ಅರಮನೆಯ ದರ್ಜಿ, ಪತ್ತೇದಾರಿಕೆಯಲ್ಲಿ ಅವಳ ದರ್ಜೆಯೇ ಬೇರೆ. ಅವಳ ಟೇಪು ಹಿಡಿಯುವವನು ನಾನು.

ಬಟ್ಟೆಗೆ ಒಂದು ಗೀರೂ ಇರಲಿಲ್ಲ. ಸೂಜಿಯ ತೂತುಗಳು ಮುಚ್ಚುವಂತೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದ್ದರು. ಬಿಚ್ಚಿದ ಜರಿದಾರವನ್ನು ಅಂಗಿಯ ಜೇಬಿನಲ್ಲಿ ಉಂಡೆಯಾಗಿ ಸುತ್ತಿಟ್ಟಿದ್ದರು.

“ಕಸೂತಿ ಯಾರದು?” ಎಂದಳು ಚಿಕ್ಕಮ್ಮ.

“ನಂದೇ. ಎರಡು ತಿಂಗಳು ಕಣ್ಣು ಬಸಿದಿದ್ದೀನಿ,” ಎಂದರು ರಾಣಿ, ಮಲಮಗನನ್ನು ದುರುಗುಟ್ಟಿ ನೋಡುತ್ತ.

“ದನಗಾಹಿ ದನದ ಹಿಂದೆ ಇರ್ತಾನೆ. ಗಡಿಗಾಹಿ ಎಲ್ಲಿರ್ತಾನೆ, ದೊರೆಗಳೇ?”

“ಪಟ್ಟದ ಮಗನಿಗೆ ಕೊಡೋ ಗೌರವ ಅದು,” ಎಂದು ಅರಸರು ಕಿಟಕಿಯತ್ತ ತಿರುಗಿದರು. ಚಿಕ್ಕಮ್ಮ ನನ್ನನ್ನು ಹಳೆಯ ಕಡತಗಳ ಕೋಣೆಗೆ ಎಳೆದೊಯ್ದಳು.

ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಅವಳು ಹೇಳಿದಳು:

“ಹೊಟ್ಟೆಕಿಚ್ಚಿನವರು ಕತ್ತರಿ ಹಾಕ್ತಾರೆ. ಇಲ್ಲಿ ಗಂಟು ಹುಡುಕಿ ಒಂದೊಂದೇ ಹೊಲಿಗೆ ಬಿಚ್ಚಿದ್ದಾರೆ. ಬಟ್ಟೆನೂ ಕೆಡಬಾರದು, ದಾರಾನೂ ಹಾಳಾಗಬಾರದು ಅನ್ನೋ ಕೈ ಅದು. ತಾನೇ ಹೊಲಿದ ಕೈ. ಯಾಕೆ ಬಿಚ್ಚಿತು ಅನ್ನೋದು ಕಡತದಲ್ಲಿತ್ತು. ಗಡಿಗಾಹಿ ಅನ್ನೋದು ಗೌರವ ಅಲ್ಲ, ಕೆಲಸ. ಬಿರುದು ತೊಟ್ಟವನು ಏಳು ವರ್ಷ ಗಡಿ ಕೋಟೆಯಲ್ಲಿರಬೇಕು. ಹಿಂದಿನ ಗಡಿಗಾಹಿ ನಿಮ್ಮಣ್ಣ, ದೊರೆಗಳೇ. ಅವರು ತಿರುಗಿ ಬರಲಿಲ್ಲ. ಅದಕ್ಕೇ ನೀವು ಅರಸರಾದ್ರಿ.”

ರಾಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. “ಏಳು ವರ್ಷದ ವಿಷಯ ನಿನ್ನೆ ತಿಳೀತು, ನಾನೇ ಬಿಚ್ಚಿದೆ. ಇರೋನೊಬ್ಬ ಮಗ.”

“ಒಂದು ಉಳಿದಿದೆ,” ಎಂದಳು ಚಿಕ್ಕಮ್ಮ. “ರಾಣಿಯವರು ಜನ್ಮದಲ್ಲಿ ಇಸ್ತ್ರಿ ಪೆಟ್ಟಿಗೆ ಕಾಯಿಸಿದವರಲ್ಲ. ಕೆಂಡ ತಂದುಕೊಟ್ಟವರು ಯಾರು?”

ಹಿರಿಯ ರಾಜಕುಮಾರ ತನ್ನ ಬೆರಳಿನ ಹೊಸ ಬೊಬ್ಬೆಯನ್ನು ಮಡಿಲಲ್ಲಿ ಅಡಗಿಸಿದ.

“ನನ್ನ ಮೇಲೆ ಅನುಮಾನ ಬಿದ್ದಾಗ್ಲೂ ನಿಂಗೆ ಗೊತ್ತಿತ್ತಾ, ಅಣ್ಣಾ?” ಎಂದ ಕಿರಿಯವನು. “ಭಯ ಆಗುತ್ತೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಜೊತೆ ಕೋಟೆಗೆ ಬರ್ತಿದ್ದೆ.”

ಅರಸರು ಶಿಕ್ಷೆ ರದ್ದು ಮಾಡಿದರು. ಕಿರಿಯವನು ಕೈಮುಗಿದು, ಸಂಜೆಯಾಗುವ ಮೊದಲೇ ತಾನಾಗಿಯೇ ಊರು ಬಿಟ್ಟ.