ಅವನು ನೋಡದೆ ಬಿಟ್ಟ ಹೆಸರು

"ಆ ಡಬ್ಬಿ ಕೆಳಗಿಡ್ರಿ! ಈಗಿಂದೀಗ!"

ಧಾರವಾಡದ ಸಂಶೋಧನಾ ಕೇಂದ್ರದ ಮೆಟ್ಟಿಲ ಮೇಲೆ ರಜನಿಯ ದನಿ ಗುಡುಗಿತು. ಐಸ್ ತುಂಬಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜೀಪಿನತ್ತ ಹೊರಟಿದ್ದ ಯುವಕ ಗಕ್ಕನೆ ನಿಂತ.

"ನೀವು ಯಾರಂತ..."

"ಆ ಡಬ್ಬ್ಯಾಗ ಇದ್ದದ್ದು ನಮ್ಮೂರವರ ರಕ್ತ. ನಾನು ರಜನಿ ಸಿದ್ದಿ. ಇವರು ನಮ್ಮ ಕಮಿಟಿ ಹಿರಿಯರು, ಮಕಬೂಲಸಾಬ ಕಾಕಾ. ನಮ್ಮನ್ನ ಕೇಳದ ಇದು ಬೆಂಗಳೂರಿಗೆ ಹೋಗೂದಿಲ್ಲ!"

ಅವನು ಕಾಕಾನ ಮುಖ ನೋಡಿದ. ಅವಳ ಮುಖ ನೋಡಿದ. ಮೆಲ್ಲಗೆ ಬಾಗಿ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ.

"ಇಟ್ಟೇನ್ರಿ. ನಾನು ನೋಯೆಲ್, ಇಲ್ಲಿ ಅಂಕಿಸಂಖ್ಯಾ ನೋಡಿಕೊಳ್ಳೂದು ನನ್ನ ಕೆಲಸ. ಒಳಗ ಬರ್ರಿ. ಕುಂತು ಮಾತಾಡೂಣು."

ಜಗಳಕ್ಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ರಜನಿಯ ಬಾಯಲ್ಲೇ ಉಳಿಯಿತು.

'ಇಷ್ಟು ಸಲೀಸಾಗಿ ಒಪ್ಪಿದ್ನಲ್ಲ... ಇದರಾಗ ಏನರ ಐತಿ!'

ಅವಳ ಅನುಮಾನಕ್ಕೆ ಕಾರಣವಿತ್ತು. ಕಲಘಟಗಿಯ ಆಚೆ ಕಾಡಂಚಿನ ಸಿದ್ದಿ ಕೇರಿ ಅವಳದು. ಹಿಂದೂ, ಮುಸ್ಲಿಂ, ಕ್ರಿಸ್ತ... ದೇವರು ಬೇರೆಯಾದರೂ ಅಲ್ಲಿ ಬಳಗ ಒಂದೇ. ಅವಳು ಸಣ್ಣವಳಿದ್ದಾಗ ಯಾರೋ ಬಂದು ಎಲ್ಲರ ರಕ್ತ ತೆಗೆದುಕೊಂಡು ಹೋಗಿದ್ದರು. ಯಾರಿಗೆ ಏನಿದೆ ಎಂದು ತಿರುಗಿ ಬಂದು ಹೇಳಿದವರಿಲ್ಲ. ಪತ್ರಿಕೆಯಲ್ಲಿ ಮಾತ್ರ ಊರಿನ ಹೆಸರು ಬಂತು, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಊರು ಎಂದು.

ಅದನ್ನು ಓದಿದ ಗಂಡಿನ ಕಡೆಯವರು ಅಕ್ಕನ ಮದುವೆ ಮುರಿದರು. ಅಕ್ಕನಿಗೆ ಆ ಕಾಯಿಲೆಯೇ ಇರಲಿಲ್ಲ!

ಅಂದಿನ ಅಕ್ಕನ ಅಳುವನ್ನು ರಜನಿ ಮರೆತಿರಲಿಲ್ಲ. ಓದಿ, ಹುಬ್ಬಳ್ಳಿಯ ಆರೋಗ್ಯ ಸಂಸ್ಥೆಯೊಂದರಲ್ಲಿ ಕೆಲಸ ಹಿಡಿದ ಮೇಲೆ ಅವಳೇ ಮುಂದೆ ನಿಂತು ಊರಿನವರನ್ನೆಲ್ಲ ಕೂಡಿಸಿ ಕಮಿಟಿ ಕಟ್ಟಿದ್ದಳು. ಕೇಂದ್ರದವರು ಈ ಸಲವೂ ಕಮಿಟಿಗೆ ಹೇಳದೆ ರಕ್ತ ತೆಗೆದಿದ್ದಾರೆಂದು ತಿಳಿದ ಕೂಡಲೇ ಕಾಕಾನನ್ನು ಕರೆದುಕೊಂಡು ಓಡಿ ಬಂದಿದ್ದಳು.

ಒಳಗೆ ಕೂತ ಮೇಲೆ ಮಕಬೂಲಸಾಬ ಕಾಕಾ ಸಾವಕಾಶವಾಗಿ ಹೇಳಿದರು.

"ಪರೀಕ್ಷಾ ಬ್ಯಾಡ ಅನ್ನಂಗಿಲ್ಲಪಾ. ಔಷಧಾನೂ ಬೇಕು. ಆದ್ರ ಮಾಹಿತಿ ನಮ್ಮದು. ಮೊದಲ ನಮಗ ತಿಳೀಬೇಕು. ಯಾರಿಗೆ ತೋರಸೂದು, ಎಲ್ಲಿಗೆ ಕಳಸೂದು ಅಂತ ನಾವ ಹೇಳತೇವಿ."

"ನ್ಯಾಯದ ಮಾತ್ರಿ ಕಾಕಾ," ಎಂದ ನೋಯೆಲ್. "ಹಂಗ ಕರಾರು ಮಾಡೂಣು."

ನಿರ್ದೇಶಕರ ಒಪ್ಪಿಗೆಯೊಂದಿಗೆ ಕರಾರಾಯಿತು. ಬೆಂಗಳೂರಿನ ಲ್ಯಾಬಿಗೆ ಹೋಗುವ ಬಾಟಲಿಗಳ ಮೇಲೆ ಹೆಸರಿನ ಬದಲು ಬರೀ ನಂಬರು. ಯಾವ ನಂಬರು ಯಾರದೆಂದು ಕೂಡಿಸುವ ಕೆಲಸವನ್ನು ನೋಯೆಲ್ ಮಾಡಿಕೊಡುವುದು, ಮುಗಿದ ಮೇಲೆ ಅದನ್ನು ತೆರೆಯುವ ಪಾಸ್‌ವರ್ಡ್ ಕಮಿಟಿಗೆ ಒಪ್ಪಿಸುವುದು.

ಅಂದಿನಿಂದ ಶನಿವಾರ ಬಂತೆಂದರೆ ರಜನಿ ಹಳೇ ಹುಬ್ಬಳ್ಳಿಯ ತನ್ನ ಬಾಡಿಗೆ ಕೋಣೆಯಿಂದ ಹೊರಟು ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬರುವಳು. ಜುಬಿಲಿ ಸರ್ಕಲ್ಲಿನಲ್ಲಿ ನೋಯೆಲ್ ಕಾಯುತ್ತಿರುವನು. ಮೊದಮೊದಲು ಕೆಲಸದ ಮಾತಷ್ಟೇ. ಆಮೇಲೆ ಚಹಾ. ಆಮೇಲೆ ಚಹಾ ಮುಗಿದರೂ ಮುಗಿಯದ ಮಾತು...

ಊರಿಗೆ ಹೋದಾಗ ಅವನು ಕೇರಿಯ ಅಜ್ಜಿಯರ ಪಕ್ಕ ಕೂತು ಅವರ ಮಾತು ಕಲಿಯುತ್ತಿದ್ದ. ತಪ್ಪು ಮಾತಾಡಿ ನಗಿಸುತ್ತಿದ್ದ. ಆ ನಗುವಿನ ನಡುವೆ ಅವನ ಕಣ್ಣು ತನ್ನನ್ನು ಹುಡುಕುವುದು ರಜನಿಗೆ ತಿಳಿಯುತ್ತಿತ್ತು. ಎದೆ ಹಗುರಾಗುತ್ತಿತ್ತು. ಮರುಕ್ಷಣವೇ ಭಾರವಾಗುತ್ತಿತ್ತು.

ಏಕೆಂದರೆ ಕರಾರಾದ ಮೇಲೆ ಅವಳೂ ಪರೀಕ್ಷೆಗೆ ಕೊಟ್ಟಿದ್ದ ರಕ್ತದಲ್ಲಿ ಸಿಕಲ್ ಸೆಲ್ ಗುಣವಿತ್ತು.

ಕಾಯಿಲೆಯಲ್ಲ. ಅವಳು ಆರೋಗ್ಯವಾಗಿಯೇ ಇದ್ದಳು. ಕಟ್ಟಿಕೊಳ್ಳುವವನಲ್ಲೂ ಅದೇ ಗುಣವಿದ್ದರೆ ಮಾತ್ರ ಹುಟ್ಟುವ ಮಗುವಿಗೆ ಅಪಾಯ. ಊರಿನ ಹುಡುಗಿಯರಿಗೆಲ್ಲ ಇದರಲ್ಲಿ ಅಂಜುವುದೇನಿಲ್ಲ ಎಂದು ತಾನೇ ತಿಳಿಸಿ ಹೇಳಿದವಳು, ತನ್ನ ವಿಷಯ ಮಾತ್ರ ಯಾರ ಮುಂದೆಯೂ ಎತ್ತಿರಲಿಲ್ಲ.

'ಅವರಿಗೆ ಗೊತ್ತ ಇರಬೇಕು... ಎಲ್ಲಾರ ಹೆಸರೂ ಅವರ ಕಂಪ್ಯೂಟರಿನಾಗ ಅದಾವಲ್ಲ! ಗೊತ್ತಿದ್ದ ಮ್ಯಾಲ ಹಿಂದ ಸರಿದಾರೇನೋ... ಅದಕ್ಕ ಬಾಯಿ ಬಿಟ್ಟು ಏನೂ ಹೇಳವಲ್ಲರು...'

ಅಷ್ಟರಲ್ಲಿ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಆ ಸಭೆ ನಡೆಯಿತು.

ವೈದ್ಯರು, ಔಷಧಿ ಕಂಪನಿಯವರು, ಅಧಿಕಾರಿಗಳು ತುಂಬಿದ್ದರು. ಕೇಂದ್ರದ ನಿರ್ದೇಶಕರು ವೇದಿಕೆಯಲ್ಲಿದ್ದರು. ಹಿಂದಿನ ಸಾಲಿನಲ್ಲಿ ರಜನಿ ಹೆಮ್ಮೆಯಿಂದಲೇ ಕೂತಿದ್ದಳು. ಪರದೆಯ ಮೇಲೆ ಹೊಸ ಚಿತ್ರ ಮೂಡಿತು...

ದೊಡ್ಡ ಅಕ್ಷರದಲ್ಲಿ ಅವಳ ಊರಿನ ಹೆಸರು! ಕೇರಿ ಕೇರಿಯ ಲೆಕ್ಕ! ಕೆಳಗೆ ಮೂಲೆಯಲ್ಲಿ 'ಅಂಕಿಸಂಖ್ಯೆ: ನೋಯೆಲ್'.

ಅವಳ ಕಿವಿ ಗುಂಯ್‌ಗುಟ್ಟಿತು. ಮುಂದಿನ ಸಾಲಿನಲ್ಲಿ ನೋಯೆಲ್ ದಡಬಡಿಸಿ ಎದ್ದದ್ದು ಕಂಡಿತು. ತನ್ನನ್ನು ತಡೆಯಲು ಬರುತ್ತಿದ್ದಾನೆ ಎಂದುಕೊಂಡು ಅವಳು ಬಾಗಿಲು ತಳ್ಳಿ ಹೊರಗೆ ಓಡಿದಳು.

'ಮತ್ತ ಅದ... ಮತ್ತ ಅದ ಆತು! ಈ ಸಲ ಬಾಗಿಲಾ ತಗದಾಕಿ ನಾನ...'

ಅವನ ಕರೆಗಳಿಗೆ ಅವಳು ಉತ್ತರಿಸಲಿಲ್ಲ. ಊರಿನಿಂದ ಕಾಕಾ ಫೋನ್ ಮಾಡಿದರೂ ಎತ್ತಲಾಗಲಿಲ್ಲ. ಏನೆಂದು ಮುಖ ತೋರಿಸುವುದು? ಮುಂದೆ ಬೇರೆ ಕಡೆ ಮದುವೆಯಾಗಿದ್ದ ಅಕ್ಕನ ಮಗಳೂ ಈಗ ಮದುವೆಯ ವಯಸ್ಸಿಗೆ ಬಂದಿದ್ದಳು...

ವಾರ ಕಳೆಯುವ ಹೊತ್ತಿಗೆ ಮಕಬೂಲಸಾಬ ಕಾಕಾ ಅವಳ ಕೋಣೆಯ ಬಾಗಿಲಿಗೇ ಬಂದು ನಿಂತರು. ಕೈಯಲ್ಲಿ ಪ್ರಯಾಣದ ಚೀಲ, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

"ಕಾಕಾ... ನನ್ನಿಂದ ತಪ್ಪಾತು. ಅವರನ್ನ ನಂಬಿದೆ," ಎನ್ನುತ್ತ ರಜನಿ ಬಿಕ್ಕಿದಳು.

"ನಂಬಿದ್ದು ಛಲೋನ ಆತಲ್ಲವಾ," ಎಂದರು ಕಾಕಾ, ಚೀಲ ಇಳಿಸುತ್ತ. "ಮೊದಲ ನೀರ ಕೊಡು. ಬೆಂಗಳೂರಿಂದ ಬಂದೇನಿ."

"ಬೆಂಗಳೂರಿಂದ?"

"ಹೂಂ. ನೋಯೆಲ್ ಜೋಡಿ."

ಅವಳು ಚೊಂಬು ಹಿಡಿದು ಹಾಗೇ ನಿಂತಳು.

"ಅಂವಾ ಆ ಸಭಾದಾಗ ಯಾಕ ಎದ್ದಾ ಅಂತ ಮಾಡಿದಿ? ನಿನ್ನ ತಡ್ಯಾಕಲ್ಲ. ಓಡಿ ಹೋಗಿ ಆ ಪಡದೇದ ಮಷೀನಿನ ವೈರ ಕಿತ್ತಾನ! 'ಇದು ನಮ್ಮ ಮಾಹಿತಿ ಅಲ್ಲ, ಆ ಊರವರದು, ಯಾರೂ ಫೋಟೋ ಹೊಡ್ಕೋಬ್ಯಾಡ್ರಿ' ಅಂತ ಎಲ್ಲಾರ ಮುಂದ ಒದರ್‍ಯಾನ. ತಾಲೂಕಿನ ಒಟ್ಟು ಲೆಕ್ಕ ಅಷ್ಟ ಅಂವಾ ಕೊಟ್ಟಿದ್ದಾ. ಊರಿನ ಹೆಸರು ಕೇಂದ್ರದ ನಿರ್ದೇಶಕ ಸಾಹೇಬ್ರು ಲ್ಯಾಬಿನವರ ಕಡೆಯಿಂದ ಇಸಗೊಂಡು, ಅವನಿಗೆ ಹೇಳದ ಸೇರಿಸಿದ್ದರು."

"ಮತ್ತ ನನಗ ಯಾಕ..."

"ಯಾರ ಫೋನ ಎತ್ತೀದಿ ನೀನು?" ಕಾಕಾ ನಕ್ಕರು. "ಮರುದಿನ ಮುಂಜಾನಿ ಅಂವಾ ಸೀದಾ ಊರಿಗೇ ಬಂದಾ. ಕಮಿಟಿ ಮುಂದ ನಿಂತು, 'ಹಿಂಗಾಗೇತಿ, ಏನ ಮಾಡಬೇಕು ನೀವ ಹೇಳ್ರಿ' ಅಂದಾ. ಲ್ಯಾಬಿನ್ಯಾಗ ಇದ್ದದ್ದು ನಮ್ಮ ಕಣ್ಣ ಮುಂದ ಅಳಿಸಬೇಕು ಅಂತ ಕಮಿಟಿ ಠರಾವು ಮಾಡ್ತು. ಇಬ್ಬರೂ ಹೋದಿವಿ. ನಾನ ಬಾಜೂಕ ಕುಂತು ಅಳಸಾಕ ಹಚ್ಚೇನಿ. ನಾವು ಹೋಗೂ ಮೊದಲ ಸಾಹೇಬ್ರೂ ಊರಿಗೆ ಬಂದು ತಪ್ಪಾತು ಅಂದಿದ್ರು. ಹೆಸರಿಂದು ಪಾಸ್‌ವರ್ಡ್ ಈಗ ಕಮಿಟಿ ಕೈಯಾಗ ಐತಿ. ಊರಿನ ಹೆಸರು ಪೇಪರಿನ್ಯಾಗ ಬಂದಿಲ್ಲ, ಯಾರದೂ ಒಂದ ಹೆಸರೂ ಹೊರಗ ಹೋಗಿಲ್ಲವಾ."

ಒಂದು ಹೆಸರೂ ಹೊರಗೆ ಹೋಗಿಲ್ಲ!

ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರು ಒಮ್ಮೆಲೇ ಹೊರಬಿತ್ತು. ರಜನಿ ಕಾಕಾನ ಭುಜಕ್ಕೆ ಹಣೆಯಿಟ್ಟು ಮನಸಾರೆ ಅತ್ತಳು. ಅತ್ತು, ನಕ್ಕು, ಮತ್ತೆ ಅತ್ತಳು.

"ಸಾಕವಾ. ಈ ಅಳೂದರಾಗ ಅವನ ಪಾಲೂ ಒಂದಿಷ್ಟು ಐತಿ. ಅಲ್ಲಿಗೆ ಹೋಗಿ ಕೊಡು."

ಮಧ್ಯಾಹ್ನ ರಜನಿ ಧಾರವಾಡದ ಮಾಳಮಡ್ಡಿಯ ಆ ಮನೆಯ ಗೇಟು ತೆರೆದಾಗ ನೋಯೆಲ್‌ನ ತಾಯಿ ಡೋರಾ, ನಿವೃತ್ತ ಶಿಕ್ಷಕಿ, ಕುಂಡಗಳಿಗೆ ನೀರು ಹಾಕುತ್ತಿದ್ದರು.

"ರಜನಿ ಅಲ್ಲೇನವಾ ನೀನು? ಬಾ, ಬಾ. ಹಿತ್ತಲದಾಗ ಕುಂತಾನ. ಊಟಾ ಮಾಡವಲ್ಲಾ. ನೀನರ ಹೇಳು."

ಪೇರಲ ಗಿಡದ ಕೆಳಗೆ ಕೂತಿದ್ದ ನೋಯೆಲ್ ಅವಳನ್ನು ಕಂಡು ಎದ್ದು ನಿಂತ. ಗಡ್ಡ ಬೆಳೆದಿತ್ತು. ಮುಖ ಬಾಡಿತ್ತು.

"ಕಾಕಾ ಎಲ್ಲಾ ಹೇಳಿದ್ರು," ಎಂದಳು ರಜನಿ. "ನಾ ಕೇಳದನ ಓಡಿ ಬಂದೆ. ನಿಮ್ಮ ಒಂದ ಮಾತೂ ಕೇಳಲಿಲ್ಲ... ತಪ್ಪಾತ್ರಿ."

"ನಿಮ್ಮ ಜಾಗಾದಾಗ ನಾನಿದ್ರೂ ಓಡಿ ಬರ್ತಿದ್ದೆ."

ಈಗ ಕೇಳದಿದ್ದರೆ ಎಂದೂ ಕೇಳಲಾರೆ ಎಂದು ರಜನಿಗೆ ಅನ್ನಿಸಿತು.

"ಒಂದು ಖರೇ ಹೇಳ್ರಿ. ನನ್ನ ರಿಪೋರ್ಟಿನಾಗ ಏನೈತಿ ಅಂತ ನಿಮಗ ಗೊತ್ತೈತಲ್ಲ? ಅದಕ್ಕ ನೀವು ಏನೂ..."

"ಇಲ್ಲ."

"ಇಲ್ಲಂದ್ರ?"

"ನಾ ನೋಡಿಲ್ಲ ರಜನಿ. ನಂಬರಿಗೆ ಹೆಸರು ಕೂಡಸೂವಾಗ ನಿಮ್ಮದು ಬಂತು. ಅದೊಂದನ್ನ ಕಾಕಾಗ ಕೂಡಸಾಕ ಹಚ್ಚಿ, ನಾ ಎದ್ದು ಹೊರಗ ಹೋದೆ. ಬ್ಯಾರೇದವರದು ನನಗ ಬರೀ ಕೆಲಸ. ನಿಮ್ಮದು..." ಅವನ ದನಿ ತಡವರಿಸಿತು. "ನಿಮ್ಮದು ನೋಡಬೇಕನಸ್ತು. ಅನಿಸಿದ್ದಕ್ಕ ನೋಡಲಿಲ್ಲ. ಅದು ನಿಮ್ಮದು. ನೀವಾಗಿ ಹೇಳಿದ್ರ ಕೇಳತೇನಿ. ಹೇಳದಿದ್ರೂ ನಾ ಇಲ್ಲೇ ಇರತೇನಿ. ಪ್ರೀತಿ ಮಾಡೇನಿ ನಿಮ್ಮನ್ನ."

ರಜನಿಯ ಕಣ್ಣು ತುಂಬಿ ಬಂತು. ಇಷ್ಟು ದಿನ ಮುಚ್ಚಿಟ್ಟ ಮಾತನ್ನು ಅವಳು ತಾನಾಗಿ, ತನ್ನ ಬಾಯಿಂದಲೇ ಹೇಳಿದಳು. ತನ್ನ ರಕ್ತದಲ್ಲಿ ಏನಿದೆ, ಅದರರ್ಥವೇನು, ನಾಳೆ ಅದು ಏನಾಗಬಹುದು... ಒಂದನ್ನೂ ಬಿಡದೆ.

ಅವನು ಪೂರಾ ಕೇಳಿಸಿಕೊಂಡ.

"ಹಂಗಾರ ನಾನೂ ಪರೀಕ್ಷಾ ಮಾಡಿಸ್ಕೋತೇನಿ. ರಿಪೋರ್ಟ್ ಬಂದಕೂಡ್ಲೆ ಮೊದಲ ನೀವು ಓದ್ರಿ. ಏನ ಇರಲಿ, ಡಾಕ್ಟರನ್ನ ಕೇಳಿ ಮುಂದಿಂದು ಇಬ್ಬರೂ ಕೂಡಿ ವಿಚಾರ ಮಾಡೂಣು. ಆದ್ರ ಒಂದ ತೊಂದ್ರಿ ಐತಿ..."

"ಏನ್ರಿ?" ಅವಳು ಗಾಬರಿಯಾದಳು.

"ಸೂಜಿ ಕಂಡ್ರ ನನಗ ತಲಿ ತಿರಗತೈತಿ."

"ಅಯ್ಯ! ಇಡೀ ತಾಲೂಕಿನ ರಕ್ತದ ಲೆಕ್ಕಾ ಮಾಡಿದ ಮನಶ್ಯಾ ನೀವು!"

"ಲೆಕ್ಕಾ ಮಾಡೂದು ಬ್ಯಾರೆ, ಚುಚ್ಚಿಸ್ಕೊಳ್ಳೂದು ಬ್ಯಾರೆ. ಸೋಮವಾರ ಆಸ್ಪತ್ರಿಗೆ ಹೋದಾಗ ನೀವು ಬಾಜೂಕ ನಿಂತು ಕೈ ಹಿಡ್ಕೋತೀರೇನು?"

ಕಣ್ಣೀರಿನ ನಡುವೆಯೇ ರಜನಿಗೆ ನಗು ಬಂತು. ಅವಳು ಒಂದು ಹೆಜ್ಜೆ ಮುಂದಿಟ್ಟು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅದಕ್ಕ ಸೋಮವಾರತನಕ ಯಾಕ ಕಾಯಬೇಕು, ನೋಯೆಲ್?"