ಎಕ್ಕೆ ಗಿಡದ ಗಂಡ

"ಸಹಿ ಮಾಡಂಗಿಲ್ಲ ಅಂದ್ರ ಮಾಡಂಗಿಲ್ಲ! ಬೇಕಾದ್ರ ನಾ ಸತ್ತ ಮ್ಯಾಲ ನನ್ನ ಹೆಬ್ಬಟ್ಟು ಒತ್ತಿಸ್ಕೊ!"

ಗುಂಡಮ್ಮ ಕೈಯಲ್ಲಿದ್ದ ಕಾಗದವನ್ನು ನೆಲಕ್ಕೆ ಎಸೆದಳು. ಚಿತ್ತಾಪುರದ ನೋಟರಿಯವರು ಟೈಪು ಮಾಡಿಸಿಕೊಟ್ಟಿದ್ದ ಹಾಳೆ ಅದು. ಭೀಮಾಶಂಕರ ಬಗ್ಗಿ ಅದನ್ನು ಎತ್ತಿಕೊಂಡು, ಅಂಗಿಗೆ ಒರೆಸಿ ಮತ್ತೆ ತಾಯಿಯ ಮುಂದೆ ಹಿಡಿದ. ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹಸಿರು ಇಳಕಲ್ ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ಆರತಿ ತಟ್ಟೆಗೆ ಕುಂಕುಮ ಕಲಸುತ್ತಿದ್ದಳು. ಅಂದು ಅಣವೀರನ ಮಗಳಿಗೆ ಅರಿಶಿಣ ಹಚ್ಚುವ ದಿನ. ಅಣವೀರನೆಂದರೆ ಅವರ ಕುಲದ ಹಿರಿಯ, ರಾವೂರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಅಂಥವನ ಮನೆಯಲ್ಲೂ ಮೊದಲ ಅರಿಶಿಣ ಹಚ್ಚುವವಳು ಗುಂಡಮ್ಮನೇ! ಗುಂಡಮ್ಮ ಹೊಸ್ತಿಲು ದಾಟಿ ಬರುವವರೆಗೆ ಆ ಊರಿನಲ್ಲಿ ಯಾವ ಮದುವೆಯ ಹಾಡೂ ಶುರುವಾಗುತ್ತಿರಲಿಲ್ಲ.

"ಯವ್ವಾ, ಇನ್ನ ಹನ್ನೆರಡ ದಿನ ಅಷ್ಟೇ ಉಳದಾವ..." ಎಂದ ಭೀಮಾಶಂಕರ. "ನೀ ಬರದು ಕೊಡಲಿಲ್ಲಂದ್ರ ಅರ್ಜಿ ತಳ್ಳಿ ಹಾಕ್ತಾರ. ನಿನ್ನ ಸೊಸಿ ದೇವಿಕಾ ಕೆನಡಾದಾಗೇ, ನಾ ಇಲ್ಲೇ..."

"ಇರು! ಇಲ್ಲೇ ಇರು! ನಾನೇನು ಬ್ಯಾಡ ಅಂದೆನೇನು?" ಎಂದವಳೇ ಗುಂಡಮ್ಮ ತಟ್ಟೆ ಎತ್ತಿಕೊಂಡು ನಡೆದುಬಿಟ್ಟಳು. ಕಟ್ಟೆಯ ಮೇಲೆ ಕುಳಿತಿದ್ದ ಅವಳ ಗಂಡ ಕಾಶಪ್ಪ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಒಂದು ಸಲ ಕಣ್ಣು ಬಿಟ್ಟು ನೋಡಿದ್ದೇ ತಡ, ತೆರೆದ ಬಾಯಿ ಮುಚ್ಚಿಕೊಂಡಿತು.

ಭೀಮಾಶಂಕರನಿಗೆ ಮೂವತ್ತೆಂಟು ವರ್ಷ. ಹಾಸುಗಲ್ಲಿಗೆ ಪಾಲಿಶ್ ಮಾಡುವ ಮಷೀನಿನ ಮೇಲೆ ಕೆಲಸ. ಮನಸ್ಸು ಮಾಡಿದ್ದರೆ ಎಂದೋ ಮದುವೆಯಾಗಬಹುದಿತ್ತು. ನೋಡಿದ ಒಂಬತ್ತು ಹೆಣ್ಣಿಗೂ ಒಂಬತ್ತು ನೆವ ಹೇಳಿ ತಪ್ಪಿಸಿಕೊಂಡಿದ್ದ. ಯಾಕೆಂದರೆ ಅವನ ಮನಸ್ಸು ಹುಡುಗನಾಗಿದ್ದಾಗಲೇ ಶಹಾಬಾದಿನ ದೇವಿಕಾಳ ಹತ್ತಿರ ಹೋಗಿ ಕುಳಿತಿತ್ತು. ಅವಳು ಅವನ ತಂಗಿ ರಾಧಿಕಾಳ ಜೊತೆ ಓದಿದವಳು. ಇವನು ಬಾಯಿ ಬಿಡುವಷ್ಟರಲ್ಲಿ ಅವಳನ್ನು ಬೇರೆ ಕಡೆ ಕೊಟ್ಟರು. ಅವಳಿಗೆ ಇಪ್ಪತ್ತೊಂದು ತುಂಬುವಷ್ಟರಲ್ಲಿ ಗಂಡ ಸತ್ತ. ಜನ ಆಡಬಾರದ್ದೆಲ್ಲ ಆಡಿದರು. ಅವಳು ಅಳುತ್ತ ಕೂರಲಿಲ್ಲ. ನರ್ಸಿಂಗ್ ಕಲಿತು ದುಬೈಗೆ ಹೋದಳು, ಅಲ್ಲಿಂದ ಕೆನಡಾಕ್ಕೆ ಹೋದಳು, ದುಡಿದು ದುಡಿದು ಆ ದೇಶದ ಪ್ರಜೆಯೇ ಆದಳು. ಹೋದ ವರ್ಷ ರಜೆಗೆ ಬಂದವಳು ವಾಡಿಯಲ್ಲಿ ರಾಧಿಕಾಳ ಮನೆಗೆ ಬಂದಾಗ, ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಭೀಮಾಶಂಕರ ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಕೇಳಿಬಿಟ್ಟ. ದೇವಿಕಾ "ಇಷ್ಟ ತಡಾ ಯಾಕ ಮಾಡಿದ್ರಿ?" ಎಂದು ಕಣ್ಣೀರು ಹಾಕಿದಳು!

ಗುಂಡಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಅವರ ಕುಲದಲ್ಲಿ ಗಂಡ ಸತ್ತವಳಿಗೆ ಎರಡನೆಯ ಸಲ ಬಾಸಿಂಗವಿಲ್ಲ, ಬಾಜಾಭಜಂತ್ರಿಯಿಲ್ಲ. ಅವಳಿಗೆ ಆಗುವುದು ಉಡಿಕೆ. ಬೆಳಕು ಹರಿಯುವ ಮುಂಚೆ ನಾಲ್ಕೈದು ಜನ ಮುದುಕರ ಎದುರು ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಸದ್ದಿಲ್ಲದೆ ಮನೆ ತುಂಬಿಸಿಕೊಳ್ಳುತ್ತಾರೆ. ಆದರೆ ಹುಡುಗನಿಗೆ ಇದು ಮೊದಲನೆಯ ಮದುವೆಯಾದರೆ, ಹಿಂದಿನ ದಿನ ಅವನಿಗೆ ಎಕ್ಕೆ ಗಿಡದೊಡನೆ ಶಾಸ್ತ್ರೋಕ್ತ ಲಗ್ನವಾಗಬೇಕು. ಆಮೇಲೆ ಗಿಡವನ್ನು ಕಡಿದರೆ ಹುಡುಗನೂ ಹೆಂಡತಿ ಸತ್ತವನಂತೆ, ಜೋಡಿ ಸರಿಹೋಯಿತಂತೆ! ಗುಂಡಮ್ಮ ಗಿಡದ ಮದುವೆಗೆ ವಾಡಿಯಿಂದ ಬ್ಯಾಂಡು ತರಿಸಿದಳು, ಫೋಟೋದವನನ್ನು ಕರೆಸಿದಳು. ಮರುದಿನದ ಉಡಿಕೆಗೆ ಮಾತ್ರ ಎಲ್ಲರ ಮೊಬೈಲು ಕಸಿದು ಬುಟ್ಟಿಯಲ್ಲಿ ಹಾಕಿ ಮೇಲೊಂದು ಕಂಬಳಿ ಮುಚ್ಚಿದಳು. "ಉಡಿಕಿಗಿ ಯಾರರೆ ಫೋಟೋ ಹೊಡಿತಾರೇನು?" ಎಂದಳು. ದೇವಿಕಾ ತಲೆ ತಗ್ಗಿಸಿ ಎಲ್ಲಕ್ಕೂ ಹೂಂ ಅಂದಳು. ಚಿತ್ತಾಪುರದಲ್ಲಿ ಮದುವೆ ನೋಂದಣಿ ಮಾಡಿಸಿ, ಹದಿನೆಂಟು ದಿನ ಸಂಸಾರ ಮಾಡಿ, ರಜೆ ಮುಗಿದು ವಿಮಾನ ಹತ್ತಿದಳು.

ಆಮೇಲೆ ಶುರುವಾಯಿತು ನೋಡಿ, ಆ ಕಾಯುವ ಕೆಲಸ! ಸಂಜೆ ಆರೂವರೆಗೆ ಇಲ್ಲಿ ಮಷೀನು ನಿಂತರೆ ಅಲ್ಲಿ ಅವಳಿಗೆ ಬೆಳಗು. ಮೈಮೇಲಿನ ಕಲ್ಲಿನ ಪುಡಿಯನ್ನೂ ತೊಳೆಯದೆ ಭೀಮಾಶಂಕರ ಫೋನು ಹಿಡಿದು ಕೂರುವನು. ಅವಳು ಕೋಟು ಹಾಕಿಕೊಳ್ಳುವುದು, ಬೂಟಿನ ದಾರ ಕಟ್ಟುವುದು, ನಿನ್ನೆಯ ಅನ್ನವನ್ನು ಡಬ್ಬಿಗೆ ತುಂಬುವುದು, ಎಲ್ಲ ನೋಡುವನು. "ನಿಮಗ ಅಂತ ಬಾಗಲ ಹಿಂದ ಇನ್ನೊಂದು ಮೊಳಿ ಹೊಡದೀನಿ, ನಿಮ್ಮ ಕೋಟಿಗಿ" ಎಂದು ಒಂದು ದಿನ ಖಾಲಿ ಮೊಳೆ ತೋರಿಸಿದಳು. ಆ ಖಾಲಿ ಮೊಳೆ ನೋಡಿ ಅವನಿಗೆ ಆ ರಾತ್ರಿ ಊಟ ಸೇರಲಿಲ್ಲ. ಒಂದು ಗಂಟೆ ಮಾತಾಡಿದರೂ ಅವಳ ಕೈ ಮುಟ್ಟಲಾಗದು, ತಲೆನೋವು ಅಂದರೆ ಹಣೆಗೆ ಒಂದಿಷ್ಟು ಎಣ್ಣೆ ತಿಕ್ಕಲಾಗದು. ಗಂಡನೆಂದು ಹೆಸರು ಮಾತ್ರ... ಅವಳೋ ಅಲ್ಲಿ ಹಗಲೆಲ್ಲ ಯಾರ್ಯಾರದೋ ತಾಯಿತಂದೆಯರ ಮೈ ಒರೆಸಿ, ಸಂಜೆ ಒಬ್ಬಳೇ ಬಾಗಿಲು ತೆಗೆದು ಒಳಗೆ ಹೋಗುವಳು.

ಹೆಂಡತಿ ಆ ದೇಶದ ಪ್ರಜೆಯಾದ್ದರಿಂದ ಗಂಡನಿಗೂ ಅಲ್ಲಿ ಕಾಯಂ ಆಗಿ ಇರಲು ಪರವಾನಗಿ ಸಿಗುತ್ತದೆ. ಅದಕ್ಕೆ ಅರ್ಜಿ ಹಾಕಿದರು. ಮದುವೆಯ ಫೋಟೋ ಹಚ್ಚಿರಿ ಎಂದಿತ್ತು. ನಮ್ಮ ಭೀಮಾಶಂಕರ ಮಹಾ ಪ್ರಾಮಾಣಿಕ! ಇದ್ದ ಫೋಟೋಗಳನ್ನೇ ಹಚ್ಚಿದ, ಬಾಸಿಂಗ ಕಟ್ಟಿಕೊಂಡು ಎಕ್ಕೆ ಗಿಡದ ಪಕ್ಕದಲ್ಲಿ ನಿಂತದ್ದು. ಕೆಳಗೆ 'ನನ್ನ ಮದುವೆ' ಎಂದು ತಾರೀಖು ಸಮೇತ ಬರೆದ. ಏಳು ತಿಂಗಳ ಮೇಲೆ ಅಲ್ಲಿಂದ ಪತ್ರ ಬಂತು. ನೋಂದಣಿಯಲ್ಲಿ ನಿಮ್ಮ ಮದುವೆ ಹನ್ನೆರಡನೇ ತಾರೀಖಿಗೆ ಆಗಿದೆ ಎಂದಿದೆ, ಫೋಟೋದಲ್ಲಿರುವುದು ಹನ್ನೊಂದನೇ ತಾರೀಖಿನ ಮದುವೆ. ಆ ವಧು ಯಾರು? ಆಕೆ ಈಗ ಬದುಕಿದ್ದಾಳೆಯೇ? ದೇವಿಕಾ ಒಂದು ಫೋಟೋದಲ್ಲೂ ಇಲ್ಲವೇಕೆ? ನಿಮ್ಮ ಮನೆಯವರಿಗೆ ಈ ಮದುವೆ ಗೊತ್ತೇ? ತಂದೆತಾಯಿಯರ ಮತ್ತು ಕುಲದ ಹಿರಿಯರ ಹೇಳಿಕೆಯನ್ನು ಮೂವತ್ತು ದಿನದೊಳಗೆ ಕಳಿಸದಿದ್ದರೆ ಅರ್ಜಿ ತಿರಸ್ಕರಿಸಲಾಗುವುದು. ಪಾಪ, ಅವರಿಗೇನು ಗೊತ್ತು, ಆ ವಧು ಬೇಲಿಯ ಮೇಲೆ ಒಣಗಿ ಎಂದೋ ಒಲೆಗೆ ಹೋಗಿದ್ದಳು! ಪತ್ರ ಓದಿ ಹೇಳುವಾಗ ದೇವಿಕಾ ಮೊದಲು ನಕ್ಕಳು. ನಗುತ್ತ ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ತಾಯಿ ಮಾತ್ರ ಕರಗಲಿಲ್ಲ. ಕಾಶಪ್ಪ ಸಹಿ ಹಾಕಿದ. ಆದರೆ ಉಡಿಕೆ ಮಾಡಿಸಿ ಸೊಸೆಯ ಉಡಿ ತುಂಬಿದವಳು ಗುಂಡಮ್ಮ, ಅವಳ ಮಾತಿಲ್ಲದೆ ಆ ಹೇಳಿಕೆಗೆ ಬಲವೆಲ್ಲಿ? ಅಣವೀರನ ಮಗಳ ಮದುವೆ ಮುಗಿಯಿತು. ಉಳಿದ ದಿನಗಳು ಎಂಟಾದವು, ಆರಾದವು. ಕಡೆಗೆ ಭೀಮಾಶಂಕರ ಅಣವೀರನ ಕಾಲು ಹಿಡಿದು ಅವನನ್ನೂ, ಊರಿನ ಗುರುಲಿಂಗಯ್ಯ ಸ್ವಾಮಿಗಳನ್ನೂ ಮನೆಗೆ ಕರೆತಂದ.

ಅಣವೀರ ಕಾಗದ ಓದಿಸಿಕೊಂಡು ತಲೆಯಾಡಿಸಿದ. "ನಮ್ಮ ಕುಲದಾಗ ಉಡಿಕಿ ಅಂದ್ರ ಪೂರಾ ಮದುವಿ, ಅಂತ ಬರದೀರಿ. ಹೆಂಗ ಸಹಿ ಮಾಡ್ಲಿ ತಮ್ಮ? ಉಡಿಕಿ ಅಂದ್ರ ಸೀರಿ ಉಡಿಸಿ ಕರಕೊಂಡು ಬರೂದು ಅಷ್ಟೇ. ಅದು ಮದುವಿ ಅಲ್ಲ ಬಿಡು. ಹೊಸಾ ಬೀಗರು ಕೇಳಿದ್ರ ನಗ್ತಾರ."

"ಅಣವೀರಣ್ಣ, ಹಂಗನಬ್ಯಾಡ್ರಿ..." ಭೀಮಾಶಂಕರ ಕೈ ಮುಗಿದ. "ನನ್ನ ಬಾಳೇವಿನೇ ಇದರ ಮ್ಯಾಲ ನಿಂತದ!"

ಒಳಗಿಂದ ಚಹಾ ತಂದ ಗುಂಡಮ್ಮ ನಡುಮನೆಯ ಬಾಗಿಲಲ್ಲೇ ನಿಂತಿದ್ದಳು. ಚಹಾದ ತಾಟು ಹಿಡಿದೇ ಎರಡು ಹೆಜ್ಜೆ ಮುಂದೆ ಬಂದಳು.

"ಮದುವಿ ಅಲ್ಲೇನು?" ಅವಳ ದನಿ ಮೊದಲು ಸಣ್ಣಗಿತ್ತು. "ಹಂಗಾರ ನಾ ಯಾರು, ಅಣವೀರಣ್ಣ?"

"ನಿನ್ನ ಮಾತ ಯಾಕ ಬಂತು ತಂಗಿ?"

"ನನ್ನ ಮಾತೇ ಬಂದದ! ನಾನೂ ಉಡಿಕಿ ಆದಾಕಿನೇ!" ಗುಂಡಮ್ಮ ತಾಟು ಕೆಳಗಿಟ್ಟಳು. ಕಾಶಪ್ಪ "ಏ ಬ್ಯಾಡ..." ಎಂದು ಎದ್ದ. ಅವಳು ನಿಲ್ಲಲಿಲ್ಲ. "ಹದಿನೇಳಕ್ಕ ಐನಾಪುರದಾಗ ನನ್ನ ಮೊದಲನೇ ಗಂಡ ಸತ್ತ. ಎರಡ ವರ್ಷ ಕತ್ತಲ ಕೋಣ್ಯಾಗ ಕುಂತೆ. ಈ ಮನಷ್ಯಾ ಬಂದು ಕೈ ಹಿಡದ. ಮರುದಿನಾನೇ ಊರು ಬಿಟ್ಟು, ಯಾರಿಗೂ ಗೊತ್ತಿಲ್ಲದ ಈ ಊರಿಗಿ ಖಣಿ ಕೆಲಸಕ್ಕ ಬಂದೇವಿ. ನಲವತ್ತೊಂದ ವರ್ಷ ಆತು! ಮೂರು ಹಡದೀನಿ, ಒಂದನ್ನ ಮಣ್ಣಿಗಿ ಕೊಟ್ಟೀನಿ. ಇವರ ಕಾಲು ಮುರದಾಗ ಎರಡ ವರ್ಷ ಕಲ್ಲು ಹೊತ್ತು ಗಂಜಿ ಹಾಕೀನಿ. ಇದು ಮದುವಿ ಅಲ್ಲಂದ್ರ ಮತ್ತ ಯಾವದು ಮದುವಿ? ಹೇಳ್ರಿ ಸ್ವಾಮ್ಯಾರ, ನೀವರೆ ಹೇಳ್ರಿ!"

ಭೀಮಾಶಂಕರ ತಾಯಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಉಡಿಕೆಯಾದವಳು ಮದುವೆ ಮನೆಯಲ್ಲಿ ಹಿಂದೆ ಕೂರಬೇಕು, ಅರಿಶಿಣ ಮುಟ್ಟಬಾರದು, ಆರತಿ ಹಿಡಿಯಬಾರದು. ಅದು ಅವನಿಗೂ ಗೊತ್ತಿತ್ತು. ಹಾಗಾದರೆ ಇಷ್ಟು ವರ್ಷ ಅವ್ವ...

"ಐನಾಪುರದ ಕಡಿಂದ ಬರೂ ಚಿಂಚೋಳಿ ಬಸ್ಸಿಂದ ಯಾರರೆ ಇಳದ್ರ ನನ್ನ ಎದಿ ಒಡೀತಿತ್ತೋ ಭೀಮ್ಯಾ," ಗುಂಡಮ್ಮ ಈಗ ಮಗನ ಕಡೆ ತಿರುಗಿದ್ದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. "ಗುರ್ತು ಹಿಡದ್ರ ನನ್ನ ಕೈಯಾಗಿನ ಆರತಿ ಕಸಗೋತಾರ ಅಂತ... ಉಡಿಕಿ ಮಾತು ಕಾಗದಕ್ಕ ಏರಿದ್ರ ನಂದೂ ಕೆದರ್ತಾರ ಅಂತಲೇ ಸಹಿ ಮಾಡಲಿಲ್ಲ. ನನ್ನ ಮದುವಿದು ಒಂದ ಫೋಟೋ ಇಲ್ಲ. ನಿಂದರೆ ಬಾಸಿಂಗ ಕಟ್ಟಿದ್ದು ಗ್ವಾಡಿ ಮ್ಯಾಲ ಇರಲಿ ಅಂತ ಆಸೆ ಮಾಡಿದೆ. ಅದೇ ನಿನ್ನ ಕೊಳ್ಳಿಗಿ ಉರಲಾತು! ಆ ಹುಡುಗಿನ್ನ ಕಂಡ್ರ ನನಗ ನಾನೇ ಕಾಣ್ತಿದ್ದೆ. ಅದಕ್ಕ ಅಕಿನ್ನ ಒಂದಿನ ಬಾಯಿ ತುಂಬ ಮಾತಾಡಿಸಲಿಲ್ಲ..."

ಭೀಮಾಶಂಕರ ಎದ್ದು ಹೋಗಿ ತಾಯಿಯನ್ನು ತಬ್ಬಿಕೊಂಡ. ಇಷ್ಟು ದಿನ ಅವಳನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದ, ಪಾಪಿ! ಇಬ್ಬರೂ ಅತ್ತರು. ಗುರುಲಿಂಗಯ್ಯ ಸ್ವಾಮಿಗಳು ಕನ್ನಡಕ ಹಾಕಿಕೊಂಡು, "ಕಾಗದ ಕೊಡಪಾ ಇಲ್ಲಿ" ಎಂದು ಹಿರಿಯರ ಪೈಕಿ ಮೊದಲ ಸಹಿ ಹಾಕಿದರು. ಅಣವೀರ ಯಾರ ಮುಖವನ್ನೂ ನೋಡದೆ ಸಹಿ ಗೀಚಿ, ಚಹಾ ಮುಟ್ಟದೆ ಎದ್ದು ಹೋದ. ಮರುದಿನ ಗುಂಡಮ್ಮ ತನ್ನ ಹೇಳಿಕೆ ಬರೆಸಲು ತಾನೇ ಚಿತ್ತಾಪುರಕ್ಕೆ ಹೋದಳು. ಟೈಪು ಮಾಡುವವನು, "ನಿಮ್ಮ ಉಡಿಕಿದೂ ಬರೀಲೇನವ್ವ?" ಎಂದು ಅನುಮಾನಿಸಿದ. "ಬರಿ. ಎಲ್ಲಾ ಬರಿ" ಎಂದಳು.

ಕಾಗದ ಸಮುದ್ರ ದಾಟಿ ಹೋಯಿತು. ಸುದ್ದಿ ಮಾತ್ರ ಊರಲ್ಲೇ ಉಳಿಯಿತು. ಮುಂದಿನ ತಿಂಗಳು ಎರಡು ಓಣಿಯಾಚೆ ಮದುವೆಯಾಯಿತು, ಕುಂಕುಮ ಹಿಡಿದು ಕರೆಯುವ ಹೆಂಗಸರು ಗುಂಡಮ್ಮನ ಬಾಗಿಲು ದಾಟಿ ಮುಂದೆ ಹೋದರು. ಹಾಡಿನ ದನಿ ಕೇಳಿದಾಗಲೆಲ್ಲ ಅವಳು ಒಳಗೆ ಹೋಗಿ ಜೋಳ ಕೇರುತ್ತ ಕೂರುವಳು, ತುಟಿ ಮಾತ್ರ ಆ ಹಾಡನ್ನೇ ಹೇಳುತ್ತಿರುತ್ತಿತ್ತು. ವಾಡಿಯಿಂದ ಬಂದ ರಾಧಿಕಾ ಸಿಟ್ಟಿಗೆದ್ದು ಜಗಳಕ್ಕೆ ಹೊರಟರೆ, "ಬಿಡವ್ವ, ಇಷ್ಟ ವರ್ಷ ಆರತಿ ಹಿಡದೀನಲ್ಲ, ಸಾಕು" ಎಂದು ತಡೆದಳು. ಭೀಮಾಶಂಕರ ಸಂಜೆ ಕೆಲಸದಿಂದ ಬಂದು ತಾಯಿಯ ಪಕ್ಕ ಕುಳಿತು ಜೋಳದ ಕಲ್ಲು ಆರಿಸುವನು.

ಐದನೆಯ ತಿಂಗಳು ಒಂದು ಸಂಜೆ ಫೋನು ಬಂತು. ದೇವಿಕಾಳದು. "ಬಂತ್ರಿ... ಪರವಾನಗಿ ಬಂತ್ರಿ!" ಎಂದಷ್ಟೇ ಹೇಳಿ ಅಳತೊಡಗಿದಳು. ಭೀಮಾಶಂಕರ ಫೋನು ಹಿಡಿದು ತಾಯಿಯ ಹತ್ತಿರ ಓಡಿದ. ಅವಳ ಮುಖ ನೋಡಿದವನೇ ನಿಂತುಬಿಟ್ಟ. ಹೆಂಡತಿ ಸಿಕ್ಕ ಸಂತೋಷ ಒಂದು ಕಡೆ, ಈ ಮುಖ ಬಿಟ್ಟು ಹೋಗಬೇಕಲ್ಲ ಎಂಬ ಸಂಕಟ ಇನ್ನೊಂದು ಕಡೆ!

"ಯವ್ವಾ, ನಾ ಹೋದ ಮ್ಯಾಲ ಈ ಊರಾಗ ನೀ..."

"ನಿಮ್ಮಪ್ಪ ಇದ್ದಾನ, ರಾಧಿಕಾ ಹತ್ತಿರದಾಗ ಇದ್ದಾಳ. ಹೋಗು. ಅಕಿ ಒಬ್ಬಾಕಿ ಕುಂತಾಳ ಅಲ್ಲಿ, ಒಬ್ಬಾಕಿ ಕುಂದ್ರೂದು ಏನಂತ ನನಗ ಗೊತ್ತದ." ಗುಂಡಮ್ಮ ಕೈ ಒರೆಸಿಕೊಂಡು ಫೋನನ್ನು ತಾನೇ ಇಸಿದುಕೊಂಡಳು. ಸೊಸೆಯ ಮುಖವನ್ನು ಕಣ್ತುಂಬ ನೋಡಿದಳು.

"ಅತ್ತಿ..." ದೇವಿಕಾ ಬಿಕ್ಕಿದಳು. "ನನ್ನ ಸಲುವಾಗಿ ನೀವು ಎಲ್ಲಾ ಕಳಕೊಂಡ್ರಿ. ನಾ ಏನ ಕೊಟ್ರ ನಿಮ್ಮ ಋಣ ತೀರ್ತದ್ರಿ?"

"ಏನೂ ಬ್ಯಾಡ. ಅವನ್ನ ಚಂದಾಗಿ ನೋಡ್ಕೋ," ಎಂದಳು ಗುಂಡಮ್ಮ. ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು. "ಮತ್ತ ನೋಡವ್ವ ಮಗಳ... ಹೋದ ಸಲ ನಿನ್ನ ಕತ್ತಲಾಗ ಕರಕೊಂಡೆ. ಇನ್ನ ಬರುವಾಗ ಹಗಲ ಬಾ. ಬಸ್‌ಸ್ಟ್ಯಾಂಡಿಂದ ಊರ ನಡು ಹಾದು ನಡಕೊಂತ ಬಾ. ನಾ ನಿನ್ನ ಕೈ ಹಿಡಕೊಂಡು ಬರ್ತೀನಿ. ಇಬ್ರನ್ನೂ ನೋಡ್ಲಿ ಮಂದಿ."