ಎಡಗಡೆ ಸೀಟಿನ ಬೆಲ್ಟು

2025ರ ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 10.40ಕ್ಕೆ ಮುದಿರೆಡ್ಡಿಪಲ್ಲಿಯ ನೇಕಾರ ಆಂಜನಪ್ಪ ಹಿಂದೂಪುರದ ಹೊರವಲಯದ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ನಟರಾಜನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟ. ವಯಸ್ಸು ಅರವತ್ತಾರು. ಅರ್ಜಿ ತೆಲುಗಿನಲ್ಲಿತ್ತು, ಯಾರೋ ವಕೀಲರ ಗುಮಾಸ್ತನಿಂದ ಬರೆಸಿದ್ದು. ಜನವರಿ 19ರಂದು ಪೆನುಕೊಂಡ ರಸ್ತೆಯ ಅಪಘಾತದಲ್ಲಿ ತನ್ನ ಸೊಸೆ ಶೋಭಾರಾಣಿ ತೀರಿಕೊಂಡಳು. ಗಾಡಿ ಓಡಿಸುತ್ತಿದ್ದ ಮಗ ಆನಂದಕುಮಾರ್ ಮೇಲೆ ಎಫ್‌ಐಆರ್ ಆಗಿದೆ. ಸೊಸೆ ಸೀಟ್ ಬೆಲ್ಟ್ ಹಾಕಿರಲಿಲ್ಲವೆಂದು ಪಂಚನಾಮೆಯಲ್ಲಿ ಬರೆದಿರುವುದು ತಪ್ಪು. ಮತ್ತೆ ತನಿಖೆ ಆಗಬೇಕು. ಇಷ್ಟೇ ಅದರ ಸಾರ.

ಆ ಪಂಚನಾಮೆ ಬರೆಸಿದವನು ನಟರಾಜನೇ. ಕಡತ ತೆರೆಯದೆಯೇ ಅವನಿಗೆ ಎಲ್ಲವೂ ನೆನಪಿತ್ತು. ಸಂಜೆ 4.20. ಮೇಕೆಗಳು ಅಡ್ಡ ಬಂದವೆಂದು ಮುಂದಿನ ಲಾರಿ ಥಟ್ಟನೆ ಬ್ರೇಕ್ ಹಾಕಿತ್ತು, ಹಿಂದಿದ್ದ ಆನಂದಕುಮಾರನ ಏಳು ಸೀಟಿನ ಬಿಳಿ ಎಸ್‌ಯುವಿ ಅದಕ್ಕೆ ಗುದ್ದಿತ್ತು. ಏರ್‌ಬ್ಯಾಗ್‌ಗಳು ತೆರೆದುಕೊಂಡಿದ್ದವು. ಆನಂದಕುಮಾರನ ಬಲಗೈ ಮುರಿದಿತ್ತು. ಹಿಂದಿನ ಸೀಟಿನಲ್ಲಿದ್ದ ಎಂಟು ವರ್ಷದ ಮಗಳು ಬನಶ್ರೀಗೆ ಏನೂ ಆಗಿರಲಿಲ್ಲ. ಮುಂದೆ ಎಡಗಡೆ ಕೂತಿದ್ದ ಶೋಭಾರಾಣಿ ಮಾತ್ರ ಸೀಟಿನಿಂದ ಜಾರಿ ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಕೊಂಡಿದ್ದಳು. ಅವಳ ಬೆಲ್ಟಿನ ಕೊಕ್ಕೆ ಬಕಲ್‌ನಲ್ಲೇ ಇತ್ತು, ಬೆಲ್ಟು ಮಾತ್ರ ಮೈಮೇಲಿರಲಿಲ್ಲ. ಬೀಪ್ ಸದ್ದು ನಿಲ್ಲಲಿ ಎಂದು ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಅದರ ಮುಂದೆ ಕೂರುವವರನ್ನು ನಟರಾಜ್ ದಿನಾ ನೋಡುತ್ತಿದ್ದ. ಇದೂ ಹಾಗೆಯೇ ಎಂದು ಬರೆಸಿದ. ಬೆಲ್ಟಿನ ಕೆಳತುದಿ ಕಿತ್ತು ಬಂದಿದ್ದಕ್ಕೆ, ಜನ ಹೆಂಗಸನ್ನು ಹೊರಗೆಳೆಯುವಾಗ ಹರಿದಿರಬಹುದು ಎಂದು ಇನ್ನೊಂದು ಸಾಲು ಸೇರಿಸಿದ.

ಆ ಎರಡು ಸಾಲುಗಳಿಂದ ಏನಾಯಿತೆಂಬುದು ಅರ್ಜಿಯಲ್ಲಿರಲಿಲ್ಲ, ಆಂಜನಪ್ಪ ಬಾಯಲ್ಲಿ ಹೇಳಿದ. ಶೋಭಾರಾಣಿಯ ತಾಯಿ ರಂಗಲಕ್ಷ್ಮಮ್ಮ ತಿಥಿಯ ದಿನವೇ ಬನಶ್ರೀಯನ್ನು ಪೆನುಕೊಂಡಕ್ಕೆ ಕರೆದುಕೊಂಡು ಹೋದವಳು ವಾಪಸ್ ಕಳಿಸಿಲ್ಲ. ಪಕ್ಕದಲ್ಲಿ ಕೂತ ಹೆಂಡತಿಗೆ ಬೆಲ್ಟು ಹಾಕಿಸಲಾರದವನು ಮಗು ಸಾಕುತ್ತಾನೆಯೇ ಎನ್ನುತ್ತಾಳೆ. ಹೆಂಡತಿ ಬೆಲ್ಟು ಹಾಕಿದ್ದಳೋ ಇಲ್ಲವೋ ಆನಂದಕುಮಾರನಿಗೆ ನೆನಪಿಲ್ಲ. ಇಲ್ಲವೇನೋ ಎಂದು ಈಗ ಅವನೇ ನಂಬತೊಡಗಿದ್ದಾನೆ.

"ನಿನ್ನೆ ಮಗೂ ಸ್ವೆಟರ್ ಗಾಡೀಲಿ ಉಳ್ಕಂಡಿತ್ತು ಅಂತ ಬಂದಿದ್ದೆ ಸಾರ್. ಆ ಬೆಲ್ಟು ಮುಟ್ಟಿ ನೋಡ್ದೆ. ಅದು ಹರಿದಿರಾದಲ್ಲ," ಎಂದ ಆಂಜನಪ್ಪ.

"ಮತ್ತೆ?"

"ಬಿಚ್ಕಂಡಿರಾದು. ಐವತ್ತು ವರ್ಷದಿಂದ ಬಟ್ಟೆ ಮುಟ್ತಾ ಇದೀನಿ. ಹರಿದ ಅಂಚು ಯಾವ್ದು, ಹೊಲಿಗೆ ಬಿಟ್ಟ ಅಂಚು ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"

ಹೆಡ್ ಕಾನ್‌ಸ್ಟೇಬಲ್ ಕೊಟ್ರೇಶ್ ಕೀಲಿ ತಂದ. ಮೂವರೂ ಠಾಣೆಯ ಹಿಂದಿನ ಅಂಗಳಕ್ಕೆ ಹೋದರು. ಮೂತಿ ಜಜ್ಜಿದ ಗಾಡಿಯ ಎಡಬಾಗಿಲು ತೆರೆದು ಆಂಜನಪ್ಪ ಕುಕ್ಕರುಗಾಲಲ್ಲಿ ಕೂತು ಬೆಲ್ಟಿನ ತುದಿಯನ್ನು ಬೆಳಕಿಗೆ ತಿರುಗಿಸಿದ. ಅಂಚು ಬ್ಲೇಡಿನಲ್ಲಿ ಕುಯ್ದಷ್ಟು ನೇರವಾಗಿತ್ತು, ಎಳೆ ಬಿಡದಂತೆ ಬೆಂಕಿ ತಾಗಿಸಿ ಕರಗಿಸಿದ್ದರು. ಅದರ ಮೇಲೆ ಸೂಜಿ ತೂತುಗಳ ಎರಡು ಸಾಲು. ಸೀಟ್ ಕವರಿನ ಇಳಿಬಿಟ್ಟ ಮಡಿಕೆಯನ್ನು ಕೊಟ್ರೇಶ್ ಎತ್ತಿದಾಗ ಗಾಡಿಯ ಮೈಗೆ ಬೋಲ್ಟ್ ಮಾಡಿದ್ದ ಉಳಿದ ಗೇಣುದ್ದದ ತುಂಡು ಕಂಡಿತು. ಅದರಲ್ಲಿಯೂ ಅಷ್ಟೇ ತೂತುಗಳು, ಜೊತೆಗೆ ದಪ್ಪ ಬಿಳಿ ದಾರದ ತುಣುಕು.

"ಇದು ಚೀಲದ ಹೊಲಿಗೆ," ಎಂದ ಆಂಜನಪ್ಪ. "ನಮಗೆ ನೂಲಿನ ಚೀಲ ಇಂಗೇ ಬರಾದು. ಒಂದು ತುದಿ ಕಿತ್ತು ಎಳೆದ್ರೆ ಸರ್ರಂತ ಬಿಚ್ಕಂಬುಡ್ತದೆ. ಬಿಚ್ಲಿ ಅಂತಾನೇ ಹಾಕಾದು ಸಾರ್ ಈ ಹೊಲಿಗೆ."

ತೋರಿಸಲೆಂದು ದಾರಕ್ಕೆ ಕೈ ಹಾಕಿದ. ನಟರಾಜ್ ಅವನ ಮಣಿಕಟ್ಟು ಹಿಡಿದ.

"ಎಳೀಬೇಡಿ."

12.15ಕ್ಕೆ ಮೋಟಾರು ವಾಹನ ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಪಂಚರ ಎದುರು ಹೊಸ ಪಂಚನಾಮೆ ನಡೆಯಿತು. ಬೆಲ್ಟಿನ ಎರಡೂ ತುಂಡುಗಳನ್ನು ಬಿಚ್ಚಿ ಪ್ಯಾಕ್ ಮಾಡಿ ಸೀಲ್ ಹಾಕಲಾಯಿತು. ಕೊಕ್ಕೆ ಬಕಲ್‌ನಲ್ಲಿದ್ದು ಕೆಳಗಿನ ಹೊಲಿಗೆ ಬಿಟ್ಟಿದ್ದರೆ ಬೆಲ್ಟು ಹಾಕಿದವರ ಮೈಮೇಲಿಂದಲೂ ಅದು ಹೀಗೆಯೇ ಸಡಿಲವಾಗಿ ಬೀಳುತ್ತದೆ ಎಂದು ವಾಹನ ಇನ್‌ಸ್ಪೆಕ್ಟರ್ ಬರೆದುಕೊಟ್ಟ. ನಟರಾಜ್ ಅದನ್ನು ಎರಡು ಸಲ ಓದಿ ಸಹಿ ಹಾಕಿದ. ಮೊದಲ ದಿನವೇ ಕವರ್ ಎತ್ತಿ ನೋಡಬಹುದಿತ್ತು.

ಇನ್ನು ಆ ಹೊಲಿಗೆ ಯಾರದು ಎಂಬುದು ತಿಳಿಯಬೇಕಿತ್ತು.

ಮಧ್ಯಾಹ್ನ ಆನಂದಕುಮಾರನ ಮನೆಗೆ ಹೋದರು. ಅವನು ಸೀರೆ ವ್ಯಾಪಾರಿ, ವಯಸ್ಸು ಮೂವತ್ತೆಂಟು. ಕೈಗೆ ಪ್ಲಾಸ್ಟರ್ ಹಾಕಿತ್ತು. ಗಾಡಿಯನ್ನು ಸೆಪ್ಟೆಂಬರ್ 22ರಂದು ಕಲ್ಯಾಣದುರ್ಗದ ಚಲಪತಿ ಎಂಬವನಿಂದ ಕೊಂಡಿದ್ದಾಗಿಯೂ ಆಮೇಲೆ ಸೀಟಿನ ಕಡೆ ಯಾರೂ ಕೈ ಹಾಕಿಲ್ಲವೆಂದೂ ಹೇಳಿದ. ನೋಡಿಯೇ ತೆಗೆದುಕೊಂಡಿರಾ ಎಂದು ನಟರಾಜ್ ಕೇಳಿದ್ದಕ್ಕೆ ಅವನು ಒಳಗಿನಿಂದ ಒಂದು ನೋಟ್‌ಬುಕ್ ತಂದ.

ನಾಲ್ಕು ತಿಂಗಳಲ್ಲಿ ಹನ್ನೊಂದು ಗಾಡಿ ನೋಡಿದ್ದ, ಹತ್ತನ್ನು ಬಿಟ್ಟಿದ್ದ. ಒಂದರ ಬಾನೆಟ್‌ಗೆ ಮತ್ತೆ ಪೇಂಟ್ ಹೊಡೆದಿದ್ದರು. ಇನ್ನೊಂದರ ಬಾಗಿಲ ರಬ್ಬರ್ ಕಿತ್ತರೆ ವೆಲ್ಡಿಂಗ್ ಚುಕ್ಕೆಗಳು ಕಂಪನಿಯವಲ್ಲ. ಮತ್ತೊಂದರಲ್ಲಿ ಮೀಟರ್ ನಲವತ್ತು ಸಾವಿರ ತೋರಿಸುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರ್ ಲಕ್ಷ ಓಡಿದ ಹಾಗೆ ಸವೆದಿತ್ತು. ಹನ್ನೊಂದನೆಯದಕ್ಕೆ ನಾಲ್ಕು ಪುಟ. ಒಬ್ಬನೇ ಮಾಲೀಕ, 2019ರ ಡೀಸೆಲ್, 61 ಸಾವಿರ ಕಿಲೋಮೀಟರ್. ಎಲ್ಲ ಸರ್ವಿಸ್ ಶೋರೂಮಿನಲ್ಲಿ. ಇನ್ಶೂರೆನ್ಸ್ ಕ್ಲೇಮ್ ಇಲ್ಲ. ಪೇಂಟಿನ ದಪ್ಪ ಎಲ್ಲ ಕಡೆ ಒಂದೇ. ತಣ್ಣನೆಯ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್, ಹೊಗೆ ಇಲ್ಲ. ಏಳು ಜನ ಕೂತು ಏರು ಹತ್ತಿದಾಗ ಎಳೆತ ಪರವಾಗಿಲ್ಲ. ಹಿಂದಿನ ಸಾಲಿನಲ್ಲಿ ಅಮ್ಮನ ಮೊಣಕಾಲಿಗೆ ಜಾಗ ಸಾಕು. ಸೀಟ್ ಕವರ್ ಹೊಸದು. ಬೆಲ್ಟುಗಳು: ಜಗ್ಗಿದರೆ ಹಿಡಿಯುತ್ತವೆ, ಸರಿ.

"ಕೆಳಗಡೆ ಕೈ ಹಾಕಿ ನೋಡಿಲ್ಲ ಸಾರ್," ಎಂದ ಆನಂದಕುಮಾರ್. "ಅಂಗಾದ್ರೂ ನಂದೇ ತಪ್ಪಲ್ವಾ?"

ನಟರಾಜ್ ನೋಟ್‌ಬುಕ್ಕಿಗೆ ರಸೀದಿ ಬರೆದುಕೊಟ್ಟು ಎದ್ದ.

ಸಂಜೆ 5ಕ್ಕೆ ಮೆಕ್ಯಾನಿಕ್ ನಾಗರಾಜುವನ್ನು ಠಾಣೆಗೆ ಕರೆಸಿದರು. ಗಾಡಿ ನೋಡಲು ಆನಂದಕುಮಾರನ ಜೊತೆ ಕಲ್ಯಾಣದುರ್ಗಕ್ಕೆ ಹೋದವನು ಅವನೇ. ಡಿಸೆಂಬರಿನಲ್ಲಿ ಆಯಿಲ್ ಬದಲಿಸಿದವನೂ ಅವನೇ. ಅನುಮಾನ ಮೊದಲು ಬಿದ್ದದ್ದು ಅವನ ಮೇಲೆ.

"ಎಡಗಡೆ ಬೆಲ್ಟು ಹೊಲಿದದ್ದು ನೀನಾ?" ಕೊಟ್ರೇಶ್ ಕೇಳಿದ.

"ನಾನಾ? ನಮ್ ಶೆಡ್ಡಲ್ಲಿ ಒಂದು ಸೂಜಿನೂ ಇಲ್ಲ ಸಾರ್. ಬನಿಯನ್ ಹರಿದ್ರೂ ಹೆಂಡ್ರ ಹತ್ರ ಬೈಸ್ಕಂಡೇ ಹೊಲಿಸ್ಕಳಾದು."

"ಕವರ್ ಎತ್ತಿ ನೋಡಿದ್ಯಾ?"

"ಎತ್ತಕ್ಕೋದೆ. ಆ ಚಲಪತಿ, 'ಬುಡಣ್ಣ, ಹೊಸ ಕವರು, ಕ್ಲಿಪ್ ಮುರೀತದೆ' ಅಂದ. ಬುಟ್ಟೆ."

"ಬರೀ ಎಡಗಡೆದು ಎತ್ತೋಕೆ ಹೋದಾಗ ಅಂದ್ನಾ, ಎಲ್ಲಾದಕ್ಕೂ ಅಂದ್ನಾ?"

ನಾಗರಾಜು ಯೋಚಿಸಿದ. ಡ್ರೈವರ್ ಕಡೆಯ ಕವರನ್ನು ಅವನೇ ಎತ್ತಿ ನೋಡಿದ್ದ, ಆಗ ಯಾರೂ ಏನೂ ಅಂದಿರಲಿಲ್ಲ. ಹಾಗೆಂದು ಹೇಳಿಕೆಯಲ್ಲಿ ಬರೆಸಿದ.

ಫೆಬ್ರವರಿ 6, ಗುರುವಾರ. ನಟರಾಜ್ ಮತ್ತು ಕೊಟ್ರೇಶ್ ಬೆಳಿಗ್ಗೆ 6.10ಕ್ಕೆ ಹೊರಟು 9ರ ಹೊತ್ತಿಗೆ ಕಲ್ಯಾಣದುರ್ಗ ತಲುಪಿದರು. ಸೀಟ್ ಕವರಿನ ಲೇಬಲ್ ಹಿಡಿದು ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮಾಲೀಕ ಮುತ್ತುರಾಜ್ ಬಿಲ್ ಪುಸ್ತಕ ತೆಗೆದು 2024ರ ಆಗಸ್ಟ್ 28ರ ಪುಟ ತೋರಿಸಿದ. ಚಲಪತಿ ಗಾಡಿ ತಂದಾಗಲೇ ಎಡಗಡೆ ಬೆಲ್ಟಿನಲ್ಲಿ ಹೊಲಿಗೆ ಇತ್ತು. ಇದು ನಿಲ್ಲುವುದಿಲ್ಲ, ಹೊಸದು ಹಾಕಿಸಿ ಎಂದು ತಾನು ಹೇಳಿದ್ದಾಗಿ ಮುತ್ತುರಾಜ್ ತಿಳಿಸಿದ.

"ಅದಕ್ಕೇನಂದ?"

"ಅದು ಕಾಣ್ದಂಗೆ ಕವರ್ ಸ್ವಲ್ಪ ಇಳಿಬಿಡು ಅಂದ ಸಾರ್. ಇಳಿಬಿಟ್ಟೆ."

ಚಲಪತಿ ಬೆಳುಗುಪ್ಪ ರಸ್ತೆಯ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಸೂಪರ್‌ವೈಸರ್. ವಯಸ್ಸು ನಲವತ್ತೊಂದು. ಪೊಲೀಸರನ್ನು ಕಂಡು ಓಡಲಿಲ್ಲ. ಒಳಗೆ ತುಂಬಿದ ಚೀಲಗಳ ಸಾಲಿನ ಮೇಲೆ, ಸ್ಪ್ರಿಂಗಿಗೆ ನೇತುಹಾಕಿದ ಹೊಲಿಗೆ ಮಷೀನ್ ತೂಗುತ್ತಿತ್ತು. ನಟರಾಜ್ ಎರಡು ಪದರ ದಪ್ಪ ಪಟ್ಟಿ ಕೊಟ್ಟು ಹೊಲಿಯಲು ಹೇಳಿದ. ಚಲಪತಿ ಹೊಲಿದ. ದಾರ ಅದೇ ಬಿಳಿ ದಾರ. ತೂತಿನಿಂದ ತೂತಿಗೆ ಇರುವ ಅಂತರವನ್ನು ಕೊಟ್ರೇಶ್ ಸ್ಕೇಲ್ ಇಟ್ಟು ನೋಡಿ, ಬೆಲ್ಟಿನ ಫೋಟೋ ಜೊತೆ ಹೋಲಿಸಿ, ತಲೆಯಾಡಿಸಿದ. ಮಷೀನನ್ನೂ ದಾರದ ಉಂಡೆಯನ್ನೂ ಜಪ್ತಿ ಮಾಡಿದರು.

"ಬೆಲ್ಟು ಯಾಕೆ ಕುಯ್ದೆ?" ನಟರಾಜ್ ಕೇಳಿದ.

ಚಲಪತಿ ಒಂದು ಚೀಲದ ಮೇಲೆ ಕೂತ. ಆಮೇಲೆ ಹೇಳಿದ್ದು ಇಷ್ಟು. ಆಗಸ್ಟ್ 11, ಭಾನುವಾರ. ಬೆಳುಗುಪ್ಪದ ಮನೆಯಲ್ಲಿ ತಂದೆ ಮುತ್ಯಾಲಪ್ಪನಿಗೆ ಎದೆನೋವು ಬಂತು. ಮುಂದಿನ ಎಡ ಸೀಟಿನಲ್ಲಿ ಕೂರಿಸಿ, ವಾಲದಿರಲಿ ಎಂದು ತಾನೇ ಬೆಲ್ಟು ಬಿಗಿದ. ಕಲ್ಯಾಣದುರ್ಗದ ಆಸ್ಪತ್ರೆ ಬಾಗಿಲಲ್ಲಿ ನೋಡಿದರೆ ತಂದೆ ಬಕಲಿನ ಮೇಲೇ ಒರಗಿಬಿಟ್ಟಿದ್ದ, ಗುಂಡಿಗೆ ಬೆರಳು ಹೋಗಲಿಲ್ಲ. ಚೀಲ ಕುಯ್ಯುವ ಬ್ಲೇಡು ಜೇಬಿನಲ್ಲಿತ್ತು. ಬಾಗಿಲ ಕಡೆಯಿಂದ ಕುಯ್ದ. ಡಾಕ್ಟರು ಹೊರಗೆ ಬಂದು ನಾಡಿ ನೋಡಿ, ದಾರಿಯಲ್ಲೇ ಹೋಗಿದ್ದಾರೆ ಎಂದರು.

ಅಂದಿನಿಂದ ತಾಯಿ ಗಂಗುಲಮ್ಮ ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಜೀವ ಹೋದ ಗಾಡಿ ಅಂಗಳದಲ್ಲಿ ನಿಂತರೆ ಇನ್ನೊಂದು ಜೀವ ಕೇಳುತ್ತದೆ, "ಆ ಬಂಡಿ ಇಂಟ್ಲೋ ವದ್ದು", ಆ ಗಾಡಿ ಮನೆಯಲ್ಲಿ ಬೇಡ, ಎಂದು ಪಕ್ಕದ ಮನೆಯ ಜಗುಲಿಯಲ್ಲಿ ಮಲಗತೊಡಗಿದಳು. ಕಲ್ಯಾಣದುರ್ಗದ ಸುತ್ತ ಎಲ್ಲರಿಗೂ ಸುದ್ದಿ ಗೊತ್ತಿತ್ತು, ಕೊಳ್ಳುವವರಿರಲಿಲ್ಲ. ದೂರದವರಿಗೇ ಮಾರಬೇಕಿತ್ತು.

"ಶೋರೂಮಲ್ಲಿ ಹೊಸ ಬೆಲ್ಟು ಹಾಕಿಸಬಹುದಿತ್ತಲ್ಲ?"

"ಹಾಕ್ಸಿದ್ರೆ ಅದು ರಿಕಾರ್ಡಲ್ಲಿ ಬತ್ತದೆ ಸಾರ್. ತಗಳಾರು ಯಾಕೆ ಕುಯ್ದಿದ್ದು ಅಂತಾರೆ. ಏನಂತ ಹೇಳ್ಲಿ? ಒಂದ್ಸಲ ಶೋರೂಮ್ ಗೇಟ್‌ವರೆಗೂ ಹೋಗಿ ವಾಪಸ್ ಬಂದ್ಬುಟ್ಟೆ."

"ಹಿಂದೂಪುರದವರು ಕೇಳಲಿಲ್ವಾ?"

"ಕೇಳಿದ್ರು. ಆ ಪೆದ್ದಾಯನ, ಅವ್ರಪ್ಪ, ಕೇಳ್ದ, ಗಾಡೀಲಿ ಏನಾನ ಕೆಟ್ಟದ್ದು ನಡೆದೈತಾಪ್ಪ ಅಂತ. ಏಮೀ ಲೇದು, ಏನೂ ಇಲ್ಲ ಅಂದೆ."

"ದಿನಾ ಚೀಲ ಹೊಲೀತೀಯ. ಈ ಹೊಲಿಗೆ ಬಿಡ್ತದೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಬೆಲ್ಟು ಪೊಲೀಸ್ರಿಗೆ ಹಾಕ್ಕಳಾದಲ್ವಾ ಸಾರ್," ಎಂದ ಚಲಪತಿ. "ಕಂಡ್ರೆ ಸಾಕು ಅನ್ಕಂಡೆ."

ಬರೆಯುತ್ತಿದ್ದ ಕೊಟ್ರೇಶ್ ಪೆನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದ. ಬೈಗುಳ ಬರುತ್ತದೆ ಎಂದುಕೊಂಡಿದ್ದ. ನಟರಾಜ್ ಬೈಯಲಿಲ್ಲ. ಜನವರಿ 19ರ ಸಂಜೆ ಯಾರೂ ಬೆಲ್ಟನ್ನು ನಿಜವಾಗಿ ಹಾಕಿಕೊಳ್ಳುವುದಿಲ್ಲವೆಂದು ನಂಬಿ ಪಂಚನಾಮೆ ಬರೆಸಿದವನು ತಾನೇ. ಮುಂದೆ ಬರೆ ಎಂದ.

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಮುತ್ಯಾಲಪ್ಪನ ಹೆಸರು, ದಿನಾಂಕ, ತರುವಾಗಲೇ ಮೃತ ಎಂಬ ಷರಾ ಇತ್ತು. ಅದರ ನಕಲು ಪಡೆದು ಮಧ್ಯಾಹ್ನ 1.50ಕ್ಕೆ ಚಲಪತಿಯನ್ನು ಬಂಧಿಸಿದರು. ಭಾರತೀಯ ನ್ಯಾಯ ಸಂಹಿತೆಯ ಕಲಂ 105, ಅಂದರೆ ಕೊಲೆಯಲ್ಲದ ನರಹತ್ಯೆ, ಮತ್ತು 318(4), ವಂಚನೆ. 105 ನಿಲ್ಲುತ್ತದೆಯೋ ಇಲ್ಲವೋ ನಟರಾಜನಿಗೆ ಖಾತ್ರಿಯಿರಲಿಲ್ಲ. ಆದರೆ ಕವರ್ ಇಳಿಬಿಡು ಎಂದವನಿಗೆ ಕವರಿನಡಿ ಏನಿದೆಯೆಂದು ತಿಳಿದಿತ್ತು. ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು. ಕೊಟ್ರೇಶ್ ಗಂಗುಲಮ್ಮನಿಗೆ ಫೋನ್ ಮಾಡಿ ಹೇಳಿದ. ಮಗ ಏನು ಮಾಡಿದ ಎಂದು ಅವಳು ಕೇಳಲಿಲ್ಲ. ಆ ಬಂಡಿ ಈಗ ಎಲ್ಲಿದೆ ಎಂದು ಮಾತ್ರ ಕೇಳಿದಳು. ನಮ್ಮ ಠಾಣೆಯಲ್ಲಿದೆ ಎಂದ ಕೊಟ್ರೇಶ್. ಆ ಕಡೆ ಫೋನ್ ಇಟ್ಟ ಸದ್ದಾಯಿತು.

ಫೆಬ್ರವರಿ 8, ಶನಿವಾರ. ಮೊದಲ ಪಂಚನಾಮೆಯ ಅಭಿಪ್ರಾಯ ತಪ್ಪೆಂದೂ ಸಾವಿಗೆ ಕಾರಣ ಬಿಟ್ಟುಹೋದ ಹೊಲಿಗೆಯೆಂದೂ ಆನಂದಕುಮಾರನನ್ನು ಆರೋಪಿಯ ಸ್ಥಾನದಿಂದ ಕೈಬಿಡಬೇಕೆಂದೂ ನಟರಾಜ್ ಹಿಂದಿನ ದಿನವೇ ನ್ಯಾಯಾಲಯಕ್ಕೆ ವರದಿ ಕಳಿಸಿದ್ದ. ಬೆಳಿಗ್ಗೆ 11ಕ್ಕೆ ರಂಗಲಕ್ಷ್ಮಮ್ಮನನ್ನು ಠಾಣೆಗೆ ಕರೆಸಿದ. ಅವಳು ಒಬ್ಬಳೇ ಬಂದಿದ್ದಳು. ಎದುರಿನ ಬೆಂಚಿನಲ್ಲಿ ಆಂಜನಪ್ಪ ಕೂತಿದ್ದ. ಆನಂದಕುಮಾರ್ ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದ.

ನಟರಾಜ್ ವರದಿ ಓದಲು ತೆಗೆದುಕೊಂಡವನು ಅದನ್ನು ಮಡಚಿಟ್ಟ.

"ನಿಮ್ಮ ಮಗಳು ಬೆಲ್ಟ್ ಹಾಕ್ಕೊಂಡಿದ್ರು ಅಮ್ಮ. ಹಾಕಿರಲಿಲ್ಲ ಅಂತ ಬರೆಸಿದ್ದು ನಾನು. ಅದು ನನ್ನ ತಪ್ಪು."

ರಂಗಲಕ್ಷ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಚಲಪತಿ ಬೆಲ್ಟು ಹೊಲಿದು ಮುಚ್ಚಿದ್ದನ್ನು ನಟರಾಜ್ ತಿಳಿಸಿದಾಗ, ಆ ಮನುಷ್ಯ ಯಾಕೆ ಹಾಗೆ ಮಾಡಿದ ಎಂದು ಕೇಳಿದಳು. ನಟರಾಜ್ ಹೇಳಿದ. ಹಣಕ್ಕಲ್ಲ, ಗಾಡಿಗೆ ಅವನು ಹೆಚ್ಚಿನ ಬೆಲೆಯನ್ನೇನೂ ಕೇಳಿರಲಿಲ್ಲ. ತಂದೆ ಆ ಸೀಟಿನಲ್ಲಿ ಸತ್ತ ಎಂಬ ಒಂದು ಮಾತನ್ನು ಕೊಳ್ಳಲು ಬಂದವರ ಮುಂದೆ ಹೇಳಲು ಅವನಿಗೆ ಆಗಲಿಲ್ಲ.

"ಹೇಳಿದ್ರೆ ನಾವು ತಗಂತಿರ್ಲಿಲ್ಲ," ಎಂದ ಆಂಜನಪ್ಪ. "ಹೊಸ ಬೆಲ್ಟು ಹಾಕ್ಸಿ ಹೇಳಿದ್ರೂ ತಗಂತಿರ್ಲಿಲ್ಲ."

ರಂಗಲಕ್ಷ್ಮಮ್ಮ ಎದ್ದಳು. ಬಾಗಿಲ ಹತ್ತಿರ ಆನಂದಕುಮಾರ್ ಗೋಡೆಗೆ ಒತ್ತಿ ದಾರಿ ಬಿಟ್ಟ. ಅವಳು ದಾಟಿ ಒಂದು ಹೆಜ್ಜೆ ಮುಂದೆ ಹೋದವಳು ನಿಂತಳು. ತಿರುಗಲಿಲ್ಲ.

"ನಾಳೆ ಬಂದು ಮಗೂನ ಕರ್ಕಂಡೋಗಪ್ಪ," ಎಂದಳು. "ಬಸ್ಸಲ್ಲಿ ಬಾ."